ಹೆಬ್ಬಗೋಡಿಯ ಏಳನೇ ಗೆಜ್ಜೆ

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಪೀಣ್ಯದಲ್ಲಿ ಮೆಟ್ರೊ ಹತ್ತಿದೆ. ಹೆಬ್ಬಗೋಡಿಗೆ ತೊಂಬತ್ತು ರೂಪಾಯಿ. ಹಳೆಯ ಗೆಳತಿ ಮಂಜುಳಾಳ ಒಡವೆ ಪ್ರದರ್ಶನ ನೋಡಲು ಹೊರಟಿದ್ದೇನೆಂದು ಮನೆಯಲ್ಲಿ ಹೇಳಿದ್ದೆ. ನಿಜ ಹೇಳಬೇಕೆಂದರೆ ಹುಳುಕು ಹುಡುಕಲು ಹೊರಟಿದ್ದೆ.

ಅಕ್ಕಸಾಲಿ ಕೆಲಸವನ್ನು ನಾವಿಬ್ಬರೂ ಕಲಿತದ್ದು ಪೀಣ್ಯದಲ್ಲೇ, ನಮ್ಮಪ್ಪನ ಹತ್ತಿರ. ಅಪ್ಪ ಈಗಿಲ್ಲ. ನಾನು ಅದೇ ಅಂಗಡಿಯಲ್ಲಿ ಅದೇ ಓಲೆ, ಅದೇ ಕಾಲುಂಗುರ ಮಾಡುತ್ತಿದ್ದೇನೆ. ಮಂಜುಳಾ ಡಿಸೈನರ್ ಆಗಿದ್ದಾಳೆ. ಹಳೇ ಕಾಲದ ಜುಮಕಿಗೆ ಏಳು ಸ್ವರ ನುಡಿಯುವ ಏಳು ಕಿರುಗೆಜ್ಜೆ ಕಟ್ಟುತ್ತಾಳಂತೆ. ಪತ್ರಿಕೆಯಲ್ಲಿ ಅರ್ಧ ಪುಟ ಬಂದಿತ್ತು. ಸಂಗೀತದಲ್ಲಿ ಸೀನಿಯರ್ ಪಾಸಾದವಳು ನಾನು. ಅವಳು ಜೂನಿಯರ್‌ಗೂ ಕೂತವಳಲ್ಲ. ಆ ಪತ್ರಿಕೆ ಓದಿದ ದಿನ ನನಗೆ ಊಟ ಸೇರಲಿಲ್ಲ.

ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿ ಮಾರ್ಗದ ರೈಲು ಹಿಡಿದೆ. ರಜೆಯ ದಿನವಾದ್ದರಿಂದ ಕಿಟಕಿ ಪಕ್ಕ ಸೀಟು ಸಿಕ್ಕಿತು. ಹೆಬ್ಬಗೋಡಿಯಲ್ಲಿ ಇಳಿದಾಗ ಸಣ್ಣಗೆ ಹನಿಯುತ್ತಿತ್ತು. ಹೂವಿನವಳ ಬಳಿ ದಾರಿ ಕೇಳಿದೆ.

"ಒಡವೆ ಮೇಡಂ ಅಂಗ್ಡೀನಾ ಅಕ್ಕಾ? ನೇರ ಓಗಿ, ಬ್ಯಾಂಕ್ ಮೇಲ್ಗಡೆ. ಬೆಳಗ್ಗಿಂದ ಬರೀ ಕಾರು."

ನಮ್ಮ ಬೀದಿಯಲ್ಲಿ ನನ್ನ ಅಂಗಡಿ ಕೇಳಿದರೆ 'ವೆಲ್ಡಿಂಗ್ ಶಾಪ್ ಪಕ್ಕ' ಅನ್ನುತ್ತಾರೆ.

ಮೇಲೆ ತಂಬೂರಿಯ ಶ್ರುತಿ ಹಾಕಿದ್ದರು. "ಬಂದ್ಯಾ ಸುಮಾ" ಎಂದು ಮಂಜುಳಾ ಕೈ ಹಿಡಿದುಕೊಂಡು, ಮೊದಲು ಖಾರಾಬಾತ್ ತಿನ್ನಿಸಿದಳು. ರುಚಿಯಾಗಿತ್ತು. ಅದಕ್ಕೂ ಸಿಟ್ಟು ಬಂತು.

ಹಾಲ್‌ನ ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಒಂದೇ ಒಂದು ಬೆಳ್ಳಿ ಜುಮಕಿ ಇಟ್ಟಿದ್ದಳು. ತೆಗೆಸಿ, ಕಿವಿಯ ಬಳಿ ಹಿಡಿದು ಒಂದೊಂದೇ ಗೆಜ್ಜೆ ತಟ್ಟಿದೆ. ಆರು ಚೆನ್ನಾಗಿ ನುಡಿದವು. ಏಳನೆಯದು, ನಿಷಾದ, ಡಬ್ಬಿಯೊಳಗಿನ ಕಾಳಿನಂತೆ ಸದ್ದು ಮಾಡಿತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸುತ್ತ ನಿಂತ ಹೆಂಗಸರಿಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ.

"ನಿಷಾದ ಸತ್ತೋಗಿದೆ ಕಣೇ. ಬೆಸುಗೆ ಬಿಟ್ಟಿದೆ. ಇಷ್ಟೂ ಗೊತ್ತಾಗ್ಲಿಲ್ವಾ ನಿಂಗೆ?"

"ಗೊತ್ತು," ಎಂದಳು ಮಂಜುಳಾ. "ಅದು ನೀನು ಮಾಡಿದ್ದೇ ಅಲ್ವಾ?"

ಅಪ್ಪನ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಕಲಿಯುವವರ ಮೊದಲ ಗೆಜ್ಜೆ ಕೆಟ್ಟೇ ಇರುತ್ತದೆ. ಅದನ್ನು ಕರಗಿಸುವ ಹಾಗಿಲ್ಲ. ಜೊತೆಗೆ ಕಲಿಯುವವರಿಗೆ ಕೊಟ್ಟು ಅವರದ್ದನ್ನು ಇಸಿದುಕೊಳ್ಳಬೇಕು. ಕೆಲಸಕ್ಕೆ ಕೂರುವ ಮುಂಚೆ ದಿನಾ ಒಮ್ಮೆ ಅದನ್ನು ಅಲ್ಲಾಡಿಸಿ ಕೇಳಬೇಕು. ತನ್ನ ತಪ್ಪು ತನ್ನ ಕಿವಿಗೆ ಕೇಳುವುದಿಲ್ಲ, ಇನ್ನೊಬ್ಬರದ್ದು ಕೇಳಿ ಕಿವಿ ಪಳಗಬೇಕು ಎನ್ನುತ್ತಿದ್ದರು ಅಪ್ಪ.

"ಈಗ್ಲೂ ದಿನಾ ಇದನ್ನ ಕೇಳಿನೇ ಕೂರ್ತೀನಿ," ಎಂದಳು. "ಇನ್ನೊಂದು ಕಿವೀದಕ್ಕೆ ನಂದು ಹಾಕೋಣ ಅಂತ ಒಂಟಿ ಬಿಟ್ಟಿದೀನಿ. ನಂದು ಇಟ್ಕೊಂಡಿದೀಯಲ್ಲ?"

"ಇದೆ," ಎಂದೆ.

ಇರಲಿಲ್ಲ. ಹದಿನೈದು ವರ್ಷದ ಹಿಂದೆ, ಅವಳು ಅಂಗಡಿ ಬಿಟ್ಟುಹೋದ ವಾರವೇ ಮೂಸೆಗೆ ಹಾಕಿ ಕರಗಿಸಿದ್ದೆ.

"ಹಾಗಾದ್ರೆ ಮುಂದಿನ ಭಾನುವಾರ ತಗೊಂಬಾ," ಎಂದು ಮೆಟ್ಟಿಲವರೆಗೂ ಬಂದು ಕಳಿಸಿದಳು. ಬರುವಾಗ ರೈಲಿನಲ್ಲಿ ಜನವೋ ಜನ. ಪೀಣ್ಯದವರೆಗೂ ನಿಂತೇ ಬಂದೆ. ಅವಳ ಹೆಸರಿಗಿಂತ, ಕಾರುಗಳಿಗಿಂತ, ನನ್ನ ಕೆಟ್ಟ ಗೆಜ್ಜೆಯನ್ನು ಅವಳು ಇಟ್ಟುಕೊಂಡಿದ್ದಳೆಂಬುದೇ ಹೆಚ್ಚು ಉರಿಸಿತು.

ಮನೆಗೆ ಹೋಗದೆ ಅಂಗಡಿಯ ಬಾಗಿಲು ತೆಗೆದೆ. ಕತ್ತಲಾಗುವುದರೊಳಗೆ ಬೆಳ್ಳಿಯಲ್ಲಿ ಐದು ಗೆಜ್ಜೆ ಮಾಡಿದೆ, ಬೇಕೆಂದೇ ಬೆಸುಗೆ ಕೆಡಿಸಿದೆ. ಮುಂದಿನ ಭಾನುವಾರ ಅವಳ ಕೈಗಿಡಲು, ಅವಳದ್ದರ ಹಾಗೆ ಒಂದಾದರೂ ಕೆಟ್ಟರೆ ಸಾಕಿತ್ತು. ಒಂದೊಂದನ್ನೇ ಕಿವಿಯ ಬಳಿ ಹಿಡಿದು ಅಲ್ಲಾಡಿಸಿದೆ. ಐದೂ ಬೆಳಿಗ್ಗೆ ಕೇಳಿದ ನನ್ನ ಆ ನಿಷಾದದಂತೆಯೇ ಸದ್ದು ಮಾಡಿದವು. ಅವಳ ತಪ್ಪು ಹೇಗೆ ಕೇಳುತ್ತಿತ್ತೆಂದು ನನಗೆ ನೆನಪೇ ಇರಲಿಲ್ಲ.