ಕನ್ನದ ಕತೆಗೊಂದು ಚೌಕಟ್ಟು

ನಮ್ಮ ಮನೆಯ ಹಿಂಗೋಡೆಗೆ ಅಜ್ಜನ ಕಾಲದಲ್ಲಿ ಕಳ್ಳ ಕನ್ನ ಹಾಕಿದ್ದನಂತೆ. ರಾಯಬಾಗದ ಬೀಗರಿಂದ ಹಿಡಿದು ಗ್ಯಾಸ್ ಸಿಲಿಂಡರ್ ತರುವವನ ತನಕ ಎಲ್ಲರೂ ನಂಬಿದ್ದಾರೆ. ನನಗೆ ಮಾತ್ರ ಆ 'ಅಂತೆ' ಗಂಟಲಲ್ಲಿ ಇಳಿಯಲಿಲ್ಲ. ಬಾಗಿಲಿಗೆ ಚಿಲಕ ಹಾಕುವುದನ್ನೇ ಮರೆಯುವ ಮನೆಗೆ ಗೋಡೆ ಕೊರೆಯುವ ಕಷ್ಟ ಯಾವ ಕಳ್ಳನಿಗೆ ಬೇಕು?

ಕತೆ ಹೇಳುವವರು ದೊಡ್ಡಪ್ಪ. ತೇಪೆ ಬಳಿದ ಆ ಜಾಗದ ಮೇಲೆ ಕೈಯಾಡಿಸುತ್ತ, ಕನ್ನ ಅಂದರೆ ಕಣ್ಣು, ಗೋಡೆಗೆ ಕಣ್ಣು ತೆರೆದವನೇ ಕನ್ನಗಳ್ಳ ಎಂದು ಪದದ ಮೂಲವನ್ನೂ ಕರುಣಿಸುತ್ತಾರೆ. ಚಿಕ್ಕೋಡಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಲ್ಲತೊಡಗಿದ ವರ್ಷ ಕೇಳಿಯೇಬಿಟ್ಟೆ.

"ಹಂಗಾರ ಕಣ್ಣಿನ ಣಕಾರ ಎಲ್ಲಿ ಹೋತ್ರಿ ದೊಡ್ಡಪ್ಪಾ? ಅದನ್ನೂ ಕಳ್ಳ ಒಯ್ದನೇನು?"

ನನ್ನ ನಾಲಿಗೆ ಉದ್ದವಾಗಿದೆ ಅಂದರು. ವಾದದಲ್ಲಿ ಸೋತವರು ಎದುರಾಳಿಯ ಅಂಗಾಂಗ ಅಳೆಯುತ್ತಾರೆ.

ನಿಘಂಟು ಅವರಿಗಿಂತ ಪ್ರಾಮಾಣಿಕ. ಕನ್ನ ಎಂದರೆ ಕಳ್ಳ ಗೋಡೆಯಲ್ಲಿ ಕೊರೆದ ಕಂಡಿ, ಅಷ್ಟೇ. ಅಗೆ ಎಂಬರ್ಥದ ಸಂಸ್ಕೃತದ 'ಖನ್'ನಿಂದ ಬಂತು ಎನ್ನುವವರಿದ್ದಾರೆ. ನನಗೆ ಪುರಾವೆ ಸಾಲದು. ನಮ್ಮ ಗಡಿಯ ಬಾಯಿಗಾದರೋ ಕನ್ನವೇ ಸಾಲದು, ಮರಾಠಿಯ 'ಘರಫೋಡಿ' ಬೇಕು. ನಿಪ್ಪಾಣಿಯಲ್ಲಿ ಸಿಗುವ ಮರಾಠಿ ಪೇಪರಿನಲ್ಲಿ ಅದು ಮನೆಗಳ್ಳತನ. ನಮ್ಮ ಅಡುಗೆಮನೆಯಲ್ಲಿ ಅದೊಬ್ಬ ಹೆಂಗಸು: ಬೇರೆ ಒಲೆ ಕೇಳಿದ ಸೊಸೆ. ಒಂದು ಚಮಚ ಕದಿಯದೆಯೂ ಆಕೆ ಘರಫೋಡಿ.

ನಮ್ಮಲ್ಲಿ ಆ ಬಿರುದು ಚಿಕ್ಕಮ್ಮನದು. ನಾನು ತೊಟ್ಟಿಲಲ್ಲಿದ್ದಾಗ ಚಿಕ್ಕಪ್ಪನನ್ನು ಕರೆದುಕೊಂಡು ಯಡೂರಿನ ತವರಿಗೆ ಹೋದವಳು. ಹೋದ ತಿಂಗಳು ಅಕ್ಕನ ಮದುವೆಯ ಕಾರ್ಡುಗಳ ಮೇಲೆ ಹೆಸರು ಬರೆಯುವಾಗ ಅವಳದೂ ಬರೆದೆ. ದೊಡ್ಡಪ್ಪ ಗೀಟು ಎಳೆದರು. ಮನೆ ಒಡೆದವಳನ್ನು ಹಂದರದಡಿ ಕರೆಯಬಾರದಂತೆ. ಮತ್ತೊಂದು 'ಅಂತೆ'. ಅತ್ತ ಚಿಕ್ಕಮ್ಮ ಫೋನಿನಲ್ಲಿ, ತಾನೇ ಎಣ್ಣೆ ಹಚ್ಚಿ ಎರೆದ ಕೂಸಿನ ಅರಿಷಿಣಕ್ಕೆ ಕರೆಯದೆ ಹೆಂಗ ಬರಲಿ ಎಂದು ಕೇಳುತ್ತಿದ್ದಳು.

ಮದುವೆಗೆ ಸುಣ್ಣಬಣ್ಣವಾಗಬೇಕಲ್ಲ, ಉಗಾರ ಬುದ್ರುಕದಿಂದ ಗಾರೆ ಕೆಲಸದ ಗೌಂಡಿ ಬಂದು ಹಿಂಗೋಡೆ ಕೆರೆದ. ತೇಪೆ ಉದುರಿದಂತೆ ಸಾಗವಾನಿಯ ಚೌಕಟ್ಟು ಕಂಡಿತು, ಅದಕ್ಕೆ ಬಾಗಿಲು ತಿರುಗುವ ಕೀಲು, ಬಿಜಾಗರಿ, ನಡುವೆ ಇಟ್ಟಂಗಿ ತುಂಬಿ ಸಿಮೆಂಟು.

"ಇದ್ಯಾವ ಕಳ್ಳನ್ರಿ? ಚೌಕಟ್ ಕೂಡ್ರಿಸಿ, ಬಿಜಾಗರಿ ಜಡದು ಹೋಗ್ಯಾನ" ಅಂದ ಗೌಂಡಿ.

ಆಗ ಅವ್ವ ಬಾಯಿಬಿಟ್ಟಳು. ಮನೆ ಬಿಡದೆ ಒಲೆಯಷ್ಟೇ ಬೇರೆ ಮಾಡೋಣವೆಂದು ಚಿಕ್ಕಮ್ಮ ಕೇಳಿದ್ದಳಂತೆ. ಚಿಕ್ಕಪ್ಪ ಹಿಂದಿನ ಕೋಣೆಗೆ ಬಾಗಿಲು ಇಡಿಸಿದ್ದ. ಇಬ್ಬರೂ ಕಾಗವಾಡದ ಒಂದು ಮದುವೆಗೆ ಹೋಗಿ ಬರುವಷ್ಟರಲ್ಲಿ ದೊಡ್ಡಪ್ಪ ಅದನ್ನು ಇಟ್ಟಂಗಿಯಿಂದ ಮುಚ್ಚಿಸಿದ್ದರು. ಮರುದಿನ ಗಂಡಹೆಂಡತಿ ಯಡೂರಿನ ಬಸ್ಸು ಹತ್ತಿದರು. ಕಳ್ಳ ಬಂದದ್ದು ಆಮೇಲೆ, ದೊಡ್ಡಪ್ಪನ ಬಾಯಲ್ಲಿ.

ಈ 'ಅಂತೆ'ಗಾದರೂ ಗೋಡೆಯ ಸಾಕ್ಷಿ ಇತ್ತು. ಹೊಸದೊಂದು ಕಾರ್ಡು, ಪೆನ್ನು ತಂದು ದೊಡ್ಡಪ್ಪನ ಮುಂದಿಟ್ಟೆ. ಅವರು ಚೌಕಟ್ಟಿನತ್ತ ನೋಡಲಿಲ್ಲ, ಪೆನ್ನನ್ನೂ ಮುಟ್ಟಲಿಲ್ಲ.

"ಊರೆಲ್ಲ ನಿಮಗ ಮನಿ ಒಡೆಯ ಅಂತೈತಿ. ಹೇಳ್ರಿ ದೊಡ್ಡಪ್ಪಾ, ಒಡೆಯ ಅಂದ್ರ ಮನಿ ಕಾಯಾವನೋ, ಮನಿ ಒಡಿಯಾವನೋ?"