ಪೆಡಲಿನ ಕೆಳಗಿನ ಕಟ್ಟಿಗೆ ತುಂಡು

ಹಳೆ ಗಾಡಿಯವರ ನಡುವೆ ಕೂತು ಯಾವ ಎಂಜಿನ್ ಒಳ್ಳೆಯದು ಅಂತ ಕೇಳಬಾರದು. ಕೇಳಿದರೆ ಚಹಾ ಆರಿಹೋಗುತ್ತದೆ, ಮಾತು ಮಾತ್ರ ಆರುವುದಿಲ್ಲ. ಹೈದರಾಬಾದಿನ ಅಬಿಡ್ಸ್‌ನ ಒಂದು ಇರಾನಿ ಹೋಟೆಲಿನಲ್ಲಿ ಭಾನುವಾರ ಬೆಳಿಗ್ಗೆ ನಾವು ಹತ್ತು ಹನ್ನೆರಡು ಜನ ಸೇರುತ್ತೇವೆ. ಒಬ್ಬರು ಅಂಬಾಸಿಡರಿನ ಹಳೆ ಪೆಟ್ರೋಲ್ ಎಂಜಿನ್ನಿಗೆ ಪ್ರಾಣ ಬಿಡುತ್ತಾರೆ. ಎಂಥ ಕಲಬೆರಕೆ ಪೆಟ್ರೋಲ್ ಕುಡಿಸಿದರೂ ಅದು ಗೊಣಗುವುದಿಲ್ಲವಂತೆ. ಇನ್ನೊಬ್ಬರಿಗೆ ಜೀಪಿನದು ಬಿಟ್ಟರೆ ಉಳಿದದ್ದೆಲ್ಲ ಹೊಲಿಗೆ ಯಂತ್ರ. ಮತ್ತೊಬ್ಬರು ಎಂಟುನೂರು ಸಿಸಿಯ ಮೂರು ಸಿಲಿಂಡರಿನ ಪುಟ್ಟ ಎಂಜಿನ್ನನ್ನು ಸ್ವಂತ ಮೊಮ್ಮಗುವಿನಂತೆ ಹೊಗಳುತ್ತಾರೆ.

ಎಲ್ಲರೂ ಒಪ್ಪುವ ಮಾತು ಒಂದೇ: ಎಂಜಿನ್ ಕಾರ್ಖಾನೆಯಿಂದ ಗಾಡಿಯ ಜೊತೆ ಬಂದದ್ದೇ ಆಗಿರಬೇಕು. ಬ್ಲಾಕಿನ ಮೇಲೆ ಕೊರೆದ ನಂಬರು ಆರ್‌ಸಿ ಪುಸ್ತಕದ ನಂಬರಿಗೆ ತಾಳೆಯಾಗಬೇಕು. ಯಾರಾದರೂ ಹೊಸದಾಗಿ ಗುಂಪಿಗೆ ಬಂದರೆ ಮೊದಲು ಬಾನೆಟ್ ಎತ್ತಿಸಿ, ಎಣ್ಣೆ ಒರೆಸಿ, ನಂಬರು ಓದುತ್ತೇವೆ. ಹೆಣ್ಣು ನೋಡಲು ಬಂದವರೂ ಇಷ್ಟು ಪರೀಕ್ಷೆ ಮಾಡುವುದಿಲ್ಲ. ನನ್ನನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು ಒಪ್ಪಿಗೆ ಅಂದುಬಿಟ್ಟಿದ್ದರು.

ನಾಲ್ಕು ವರ್ಷಗಳ ಹಿಂದಿನವರೆಗೆ ನಮ್ಮ ಪದ್ಮಿನಿ ಕಾರಿನ ನಂಬರು ತಾಳೆಯಾಗುತ್ತಿತ್ತು. ಸಾವಿರ ಸಿಸಿಗಿಂತ ತುಸು ದೊಡ್ಡ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು. ಕಲಬುರಗಿ ಕಡೆಯಿಂದ ಹೈದರಾಬಾದಿಗೆ ಸರ್ಕಾರಿ ನೌಕರಿಗೆ ಬಂದ ಅಪ್ಪ, ನಾನು ಹುಟ್ಟುವ ಮೊದಲು ಕೊಂಡ ಗಾಡಿ. ಅದರ ಎಂಜಿನ್ನಿಗೆ ಒಬ್ಬರೇ ಒಬ್ಬರು ಕೈ ಹಾಕುತ್ತಿದ್ದರು. ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯ ಮಿಸ್ತ್ರಿ. ಬೀದರ ಕಡೆಯವರು, ಕನ್ನಡ ಬಲ್ಲವರು. ಅಪ್ಪ ಅವರಿಗೆ ಉಸ್ತಾದ್ ಅನ್ನುತ್ತಿದ್ದರು, ನಾನು ಚಾಚಾ. ದೊಡ್ಡ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ಒತ್ತಿ, ಹಿಡಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದರೆಂದರೆ ಗಲ್ಲಿಯೇ ಸುಮ್ಮನಾಗಬೇಕು. ಅಪ್ಪ ಯಾವ ಡಾಕ್ಟರನ್ನೂ ಅಷ್ಟು ನಂಬಿದವರಲ್ಲ.

ಗಾಡಿ ಹೊಗೆ ಉಗುಳಿ ಎಣ್ಣೆ ಕುಡಿಯಲು ಶುರುಮಾಡಿದಾಗ ಚಾಚಾ ಎಂಜಿನ್ ಬಿಚ್ಚಿ, ಸವೆದ ಸಿಲಿಂಡರುಗಳನ್ನು ಕೊರೆಸಿ ಬೋರ್ ಮಾಡಿಸಿ, ಹೊಸ ಪಿಸ್ಟನ್ ಕೂಡಿಸಿದರು. ಕೀಲಿ ಕೈ ಕೊಡುವಾಗ ಒಂದು ಕರಾರು ಹಾಕಿದರು.

"ಸಾವಿರ ಕಿಲೋಮೀಟರ್ ಆಗೂತನಾ ನಲವತ್ತರ ಮ್ಯಾಲ ಹೋಗಬ್ಯಾಡ್ರಿ. ಹೊಸಾ ಪಿಸ್ಟನ್ನಿಗೂ ಹಳೇ ಬ್ಲಾಕಿಗೂ ಗುರುತು ಪರಿಚಯ ಆಗಬೇಕ್ರಿ."

"ನಮ್ಮ ಮಾತಿನ ಮ್ಯಾಲ ನಂಬಿಕಿ ಇಲ್ಲೇನ್ರಿ ಉಸ್ತಾದ್?" ಅಂದರು ಅಪ್ಪ.

"ಮಾತಿನ ಮ್ಯಾಲ ಐತ್ರಿ ಸಾಹೇಬ್ರ. ಕಾಲಿನ ಮ್ಯಾಲ ಇಲ್ಲ."

ಹೀಗಂದು ಒಂದು ಕಟ್ಟಿಗೆಯ ತುಂಡನ್ನು ಹೆರೆದು, ಹಳೆ ಟ್ಯೂಬಿನ ರಬ್ಬರು ಸುತ್ತಿ, ಆಕ್ಸಿಲರೇಟರ್ ಪೆಡಲಿನ ಕೆಳಗೆ ಇಟ್ಟು ತಂತಿಯಿಂದ ಬಿಗಿದರು. ಇನ್ನು ಎಷ್ಟು ತುಳಿದರೂ ಪೆಡಲು ಅರ್ಧಕ್ಕೇ ನಿಲ್ಲುತ್ತದೆ. ಬೋರ್ ಮಾಡಿದ ಪ್ರತಿ ಗಾಡಿಗೂ ಅವರು ಹೀಗೆ ಮಾಡುತ್ತಿದ್ದರು. ಸಾವಿರ ಕಿಲೋಮೀಟರ್ ಮುಗಿದ ಮೇಲೆ ಅವರೇ ತೆಗೆಯಬೇಕು, ಬೇರೆಯವರು ಮುಟ್ಟಬಾರದು.

ನನಗೆ ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಕೆಲಸ. ಆ ಸಾವಿರ ಕಿಲೋಮೀಟರ್ ಮುಗಿಸುವ ಹೊಣೆ ನನ್ನ ಮೇಲೆ ಬಿತ್ತು. ದಿನಾ ಹೆದ್ದಾರಿಯ ಎಡ ಅಂಚಿನಲ್ಲಿ ಆಟೋಗಳಿಂದಲೂ ಹಾರ್ನ್ ಹೊಡೆಸಿಕೊಂಡು ಹೋಗುವುದು. ಮೂರು ವಾರ ಹಲ್ಲು ಕಚ್ಚಿ ತಡೆದೆ. ಒಂದು ಮಧ್ಯಾಹ್ನ ಕೆಲಸ ಮುಗಿಸಿ ಬರುವಾಗ, ನಮ್ಮ ಗುಂಪಿನ ಎಂಟುನೂರು ಸಿಸಿಯ ಭಕ್ತರು ತಮ್ಮ ಕೆಂಪು ಗಾಡಿಯಲ್ಲಿ ಪಕ್ಕಕ್ಕೆ ಬಂದರು. ಕಿಟಕಿ ಇಳಿಸಿ, "ಮೇಡಂ, ದಬ್ಬಬೇಕೇನು?" ಅಂತ ನಕ್ಕು ಮುಂದೆ ಹೋದರು.

ನನಗೆ ಮೈಯೆಲ್ಲಾ ಉರಿಯಿತು. ಗಾಡಿ ಪಕ್ಕಕ್ಕೆ ಹಾಕಿ, ಬಗ್ಗಿ, ತಲೆಯ ಪಿನ್ನಿನಿಂದ ತಂತಿ ಬಿಚ್ಚಿ, ಕಟ್ಟಿಗೆಯನ್ನು ಪರ್ಸಿಗೆ ಹಾಕಿಕೊಂಡೆ. ಕಾರ್ಖಾನೆಯ ಎಂಜಿನ್, ಇಷ್ಟಕ್ಕೆಲ್ಲ ಏನಾಗುತ್ತದೆ ಅಂದುಕೊಂಡೆ. ಇಂಥ ಸೊಕ್ಕು ಬರುವುದು ನಮ್ಮಂಥ ಭಕ್ತರಿಗೇ. ಅರವತ್ತು, ಎಂಬತ್ತು, ತೊಂಬತ್ತು. ಕೆಂಪು ಗಾಡಿಯನ್ನು ಹಿಂದೆ ಹಾಕಿದೆ; ಅದು ಅಡ್ಡರಸ್ತೆಗೆ ತಿರುಗಿ ಹೋಯಿತು. ಸುಳ್ಳು ಯಾಕೆ ಹೇಳಲಿ, ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಸುಟ್ಟ ವಾಸನೆ ಬಂತು. ಕಾಲು ತೆಗೆಯುವಷ್ಟರಲ್ಲಿ ಬಾನೆಟ್ಟಿನೊಳಗೆ ಯಾರೋ ಸುತ್ತಿಗೆಯಿಂದ ಬಡಿದ ಸದ್ದು. ಪಿಸ್ಟನ್ ಬಿಗಿದು, ರಾಡು ಮುರಿದು, ಬ್ಲಾಕನ್ನೇ ತೂತು ಮಾಡಿ ಹೊರಗೆ ಬಂದಿತ್ತು. ರಸ್ತೆಯ ಮೇಲೆಲ್ಲ ಕರೀ ಎಣ್ಣೆ. ನಂಬರು ಕೊರೆದ ಬ್ಲಾಕು ಅಲ್ಲಿಗೆ ಮುಗಿಯಿತು.

ಗಾಡಿ ಎಳೆಯುವ ಲಾರಿ ಬರುವವರೆಗೆ ನಾನು ಅಳಲಿಲ್ಲ, ಕೆಲಸ ಮಾಡಿದೆ. ಪರ್ಸಿನಿಂದ ಕಟ್ಟಿಗೆ ತೆಗೆದು ಮತ್ತೆ ಪೆಡಲಿನ ಕೆಳಗೆ ಇಟ್ಟು ತಂತಿ ಸುತ್ತಿದೆ. ಫೋನಿನಲ್ಲಿ ಅಪ್ಪ ಕೇಳುವ ಮೊದಲೇ, "ನಲವತ್ತರಾಗ ಇದ್ದೆ ಅಪ್ಪಾ," ಅಂದೆ.

ಮರುದಿನ ಚಾಚಾ ಎಂಜಿನ್ ಬಿಚ್ಚುವಾಗ ಅಪ್ಪ ಗಾಡಿಯ ಮೇಲೆ ಕೈಯಿಟ್ಟು ನಿಂತಿದ್ದರು. ಚಾಚಾ ಪಿಸ್ಟನ್ ಒರೆಸಿ ಬೆಳಕಿಗೆ ಹಿಡಿದರು. ಸುತ್ತಲೂ ಉದ್ದುದ್ದ ಗೀರುಗಳು. ಗಾಡಿಯ ಬಾಗಿಲು ತೆಗೆದು, ಬಗ್ಗಿ, ಪೆಡಲಿನ ಕೆಳಗೆ ನೋಡಿದರು. ಕಾಲಿಗೆ ಚುಚ್ಚಬಾರದೆಂದು ಅವರು ತಂತಿಯ ತುದಿಯನ್ನು ಯಾವಾಗಲೂ ಇಕ್ಕಳದಿಂದ ಒಳಕ್ಕೆ ಮಡಿಸುತ್ತಿದ್ದರು. ಈಗ ಅದು ಹೊರಗೆ ಚಾಚಿಕೊಂಡಿತ್ತು. ಅವರು ಅದನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

ಚಾಚಾ ಅಪ್ಪನ ಮುಂದೆ ಬಂದು, "ಸಾಹೇಬ್ರ, ನನ್ನ ಕೈ ತಪ್ಪೇತ್ರಿ. ಪಿಸ್ಟನ್ ಭಾಳ ಬಿಗಿ ಕೂಡಿಸೀನಿ," ಅಂದರು.

ಅಪ್ಪ ಜಗಳವಾಡಲಿಲ್ಲ. "ಇರ್ಲಿ ಬಿಡ್ರಿ. ವಯಸ್ಸಾತು," ಅಂದರು. ಆಡಿದ್ದರೇ ಚೆನ್ನಾಗಿತ್ತು.

ಗಾಡಿಗೆ ಬೇರೆಲ್ಲಿಂದಲೋ ತಂದ ಬ್ಲಾಕು ಬಂತು, ಬೇರೆ ಗ್ಯಾರೇಜಿನಲ್ಲಿ. ಗುಂಪಿನವರು ನಂಬರು ಯಾಕೆ ಬದಲಾಯಿತು ಅಂತ ಕೇಳಿದಾಗಲೆಲ್ಲ ಅಪ್ಪ, "ಉಸ್ತಾದಂದು ಕೈ ನಡುಗಾಕತ್ತೇತ್ರಿ, ಪಾಪ," ಅನ್ನುತ್ತಿದ್ದರು. ಅಪ್ಪನ ಮಾತಿಗೆ ತೂಕವಿತ್ತು. ಪದ್ಮಿನಿಗೆ ಸೋತದ್ದನ್ನು ಕೆಂಪು ಗಾಡಿಯವರು ಬಾಯಿಬಿಡಲಿಲ್ಲ. ಒಬ್ಬೊಬ್ಬರೇ ಆ ಗಲ್ಲಿಗೆ ಹೋಗುವುದು ಬಿಟ್ಟರು. ಒಂದು ವರ್ಷದೊಳಗೆ ಚಾಚಾನ ಗ್ಯಾರೇಜು ಮುಚ್ಚಿ, ಅಲ್ಲಿ ಮೊಬೈಲ್ ಕವರಿನ ಅಂಗಡಿ ಬಂತು. ನಾನು ಅಷ್ಟೂ ಭಾನುವಾರ ಪಕ್ಕದಲ್ಲೇ ಕೂತು ಬಿಸ್ಕತ್ತು ಅದ್ದಿಕೊಂಡು ಚಹಾ ಕುಡಿದೆ. ಇದಕ್ಕೆ ಹೇಡಿತನ ಅನ್ನುವುದಕ್ಕಿಂತ ಒಳ್ಳೆಯ ಹೆಸರು ನನಗೆ ಸಿಕ್ಕಿಲ್ಲ.

ಹೋದ ತಿಂಗಳು, ಮೊಬೈಲ್ ಅಂಗಡಿಯವನನ್ನು ಕೇಳಿ, ಚಾಚಾನ ಮನೆ ಹುಡುಕಿಕೊಂಡು ಹೋದೆ. ಕಿಟಕಿಯ ಬಳಿ ಕೂತು ಯಾರದೋ ಕೈಗಡಿಯಾರ ಬಿಚ್ಚಿಕೊಂಡಿದ್ದರು. ಸಾಸಿವೆ ಕಾಳಿನಷ್ಟು ಸ್ಕ್ರೂ ಹಿಡಿದ ಬೆರಳುಗಳನ್ನು ನೋಡುತ್ತಾ ನಿಂತೆ. ಒಂದಿಷ್ಟೂ ಅಲುಗಲಿಲ್ಲ.

"ಚಾಚಾ, ಅವತ್ತು ಆ ಕಟ್ಟಿಗಿ..." ಅಂತ ಶುರುಮಾಡಿದೆ.

"ಅದು ನನಗ ಗೊತ್ತೈತಿ ಬೇಟಿ."

"ಮತ್ಯಾಕ ನಿಮ್ಮ ಮ್ಯಾಲ ಹಾಕ್ಕೊಂಡ್ರಿ?"

"ನಿಮ್ಮಪ್ಪಂದು ಎಂಜಿನ್ ಹೋಗಿತ್ತು. ಅವತ್ತೇ ಮಗಳ ಮ್ಯಾಲಿನ ನಂಬಿಕೀನೂ ಹೋಗೂದು ಬ್ಯಾಡ ಅನಿಸ್ತು. ಒಂದೆರಡು ದಿನದಾಗ ನೀನ ಹೇಳ್ತಿ ಅನಕೊಂಡಿದ್ದೆ." ಸ್ಕ್ರೂ ತಿರುಗಿಸುತ್ತಲೇ ಕೇಳಿದರು: "ಹೇಳೀಯೇನು?"

ಇಲ್ಲ ಅಂದೆ.

"ಮತ್ತ ಗೊತ್ತಿದ್ದವ್ನಿಗೆ ಯಾಕ ಹೇಳಾಕ ಬಂದಿ? ಚಾ ಕುಡದು ಹೋಗು."

ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಮನೆಗೆ ಬಂದವಳೇ, ಅಂಗಳದಲ್ಲಿ ಗಾಡಿ ಒರೆಸುತ್ತಿದ್ದ ಅಪ್ಪನ ಎದುರು ನಿಂತು ಎಲ್ಲಾ ಹೇಳಿದೆ. ಕೆಂಪು ಗಾಡಿ, ತಲೆಪಿನ್ನು, ತಂತಿ, ಒಂದನ್ನೂ ಬಿಡಲಿಲ್ಲ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿ ಅಂತ ಆಸೆಪಟ್ಟಿದ್ದೆ. ಅಪ್ಪ ಒರೆಸುವ ಬಟ್ಟೆಯನ್ನು ಮಡಿಸಿದರು, ಮತ್ತೆ ಬಿಚ್ಚಿದರು.

"ಉಸ್ತಾದಗ ಗೊತ್ತಿತ್ತೇನು?"

"ಗೊತ್ತಿತ್ತು, ಅಪ್ಪಾ."

"ಎರಡು ವರ್ಷದ ಹಿಂದ ಅಬಿಡ್ಸಿನ್ಯಾಗ ಎದುರಿಗೆ ಸಿಕ್ಕಿದ್ದ. ಆದಾಬ್ ಸಾಹೇಬ್ರ ಅಂದ." ಅಪ್ಪ ಬಟ್ಟೆಯನ್ನು ಬಾನೆಟ್ಟಿನ ಮೇಲೆ ಇಟ್ಟರು. "ನಾ ಕೇಳಿಸದವನಂಗ ಹೋದೆ."

ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. "ಅವನ ಮನೀಗೆ ನಡಿ," ಅಂದರು. ನಾನು ರೂಢಿಯಂತೆ ಮುಂದಿನ ಬಾಗಿಲು ತೆಗೆದು ಹಿಡಿದೆ. ನಾನು ಗಾಡಿ ಕಲಿತ ದಿನದಿಂದ ಅಪ್ಪ ನನ್ನ ಪಕ್ಕದಲ್ಲೇ ಕೂತವರು. ಅವತ್ತು ಹಿಂದಿನ ಬಾಗಿಲು ತಾವೇ ತೆಗೆದು, ಹಿಂದೆ ಕೂತರು. ಗೇರು ಹಾಕುವಾಗ ಕನ್ನಡಿಯಲ್ಲಿ ಅವರ ಮುಖ ಹುಡುಕಿದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

"ನಲವತ್ತರ ಮ್ಯಾಲ ಹೋಗಬ್ಯಾಡ," ಅಂದರು.