ಸ್ವಂತ ಇಚ್ಛೆಯ ಕಾಗದ

ಕಣಿವೆಯ ರಸ್ತೆ ಡಿಪೋದಲ್ಲಿ ಇಪ್ಪತ್ತೆರಡು ವರ್ಷ ಹಿಮ ತಳ್ಳಿದವನು ತೊಕ್ತೊಸುನ್. ಹೋದ ಚಳಿಗಾಲ ಗುಡ್ಡದ ಹಿಮ ಜಾರಿ ಅವನ ಯಂತ್ರದ ಮೇಲೆಯೇ ಕುಸಿಯಿತು. ಐದು ಗಂಟೆ ಅಗೆದು ತೆಗೆದಾಗ ಅವನು ಬದುಕಿದ್ದ. ಪಕ್ಕದಲ್ಲಿದ್ದ ಜೊತೆಗಾರ ಜುಮಾಶ್ ಬದುಕಿರಲಿಲ್ಲ. ಅಂದಿನಿಂದ ಮಾಡಿನ ಹಿಮ ದೊಪ್ಪೆಂದರೆ ಸಾಕು, ಚಹಾದ ಬಟ್ಟಲು ಎಲ್ಲೋ, ಅವನು ಮೇಜಿನಡಿಯಲ್ಲಿ.

ಈ ವರ್ಷದ ಮೊದಲ ಹಿಮ ಬಿದ್ದ ದಿನ ಡಿಪೋದ ಯಜಮಾನ ಕಾದಿರ್ ಒಂದು ಕಾಗದ ಮುಂದಿಟ್ಟ. ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ ಎಂದು ಅದರಲ್ಲಿ ಬರೆದಿತ್ತು.

"ಸಹಿ ಹಾಕಣ್ಣ. ನಿನ್ನ ಎದೆ ಕಳಚಿ ಬಿದ್ದದೆ. ಹೆದರುಪುಕ್ಕನ್ನ ಕಟ್ಕೊಂಡು ನಾನೇನ್ ಮಾಡ್ಲಿ?"

"ಒಂದ್ ವಾರ ತಡಿ," ಎಂದು ತೊಕ್ತೊಸುನ್ ಕಾಗದವನ್ನು ಜೇಬಿಗಿಳಿಸಿದ.

ಪೇಟೆಯ ಡಾಕ್ಟರಮ್ಮ ಅನಾರ್‌ಕುಲ್ ಅವನ ಕಥೆಯನ್ನೆಲ್ಲ ಕೇಳಿ, ಪುಟ್ಟ ಸೀಸೆಗಳನ್ನು ಕೊಟ್ಟಳು. ಬೆಳಗ್ಗೆ ಎದ್ದ ಕೂಡಲೇ, ಬಾಯಿಗೆ ಏನೂ ಹಾಕದೆ, ಎಂಜಲು ಉಗಿದು ತರಬೇಕು. ತಂದ. ಎಂಜಲು ಹಸಿರಾಗಿತ್ತು.

"ಏನಣ್ಣಾ ಇದು? ಏನೂ ತಿನ್ಬೇಡಿ ಅಂದಿರ್ಲಿಲ್ವಾ?"

"ಎಲ್ಲಿ ತಿಂದೆ? ನಾಲಿಗೆ ಕೆಳಗೆ ಒಂದ್ ಚಿಟಿಕೆ ನಸ್ವಾಯ್ ಇತ್ತಮ್ಮ. ಹೊಗೆಸೊಪ್ಪನ್ನ ಯಾರಾದ್ರೂ ತಿಂಡಿ ಅಂತಾರಾ?"

ಜೊತೆಗೆ ಬಂದಿದ್ದ ಹೆಂಡತಿ ಬುರುಲ್ ಹಣೆ ಚಚ್ಚಿಕೊಂಡಳು. "ಇವ್ರು ಮದ್ವೆ ಆಗಿದ್ದೇ ಆ ನಸ್ವಾಯ್ ಡಬ್ಬಿನ ಕಣಮ್ಮ!"

ಅಂದೇ ಡಬ್ಬಿ ಹಿಟ್ಟಿನ ಚೀಲದ ತಳ ಸೇರಿತು. ಎರಡನೇ ಸಲ ತಂದ ಎಂಜಲು ತಿಳಿಯಾಗಿತ್ತು. ಅದರ ಪರೀಕ್ಷೆಯ ಅಂಕಿ ಬಂತು.

"ಹೆದರಿದಾಗ ಮೆದುಳು ರಸಾಯನ ಸುರಿದು ಮೈಯನ್ನೆಲ್ಲ ಎಬ್ಬಿಸ್ತದೆ," ಎಂದಳು ಅನಾರ್‌ಕುಲ್. "ಅಪಾಯ ಹೋಯ್ತು, ಸಾಕು ಅಂತ ಅದನ್ನ ತಣ್ಣಗೆ ಮಾಡೋದ್ರಲ್ಲಿ ಕಾರ್ಟಿಸೋಲ್ ಅನ್ನೋ ಹಾರ್ಮೋನಿಗೂ ಪಾಲಿದೆ. ಬೆಳಗ್ಗೆ ಅದು ಏರ್ಬೇಕು. ನಿಮ್ಮಲ್ಲಿ ಅಷ್ಟು ಏರ್ತಿಲ್ಲ. ಈ ಕಾಯಿಲೆ ಇರೋ ಎಲ್ಲರಲ್ಲೂ ಹೀಗೇ ಇರಲ್ಲ, ಈ ಅಂಕಿ ಒಂದ್ರಿಂದ್ಲೇ ಕಾಯಿಲೆ ಹೇಳಕ್ಕೂ ಆಗಲ್ಲ. ನಿಮ್ಮ ಕಾಯಿಲೆ ನೀವು ಹೇಳಿದ ಕಥೇಲೇ ಗೊತ್ತಾಯ್ತು. ವಾಸಿ ಮಾಡ್ಬೋದು."

"ಹಾಗಾದ್ರೆ ನಾನು ಹೇಡಿ ಅಲ್ಲ?"

"ಹೇಡಿತನ ಅಳೆಯೋ ಸೀಸೆ ನನ್ಹತ್ರ ಇಲ್ಲಣ್ಣ."

ಇದು ವಾಸಿಯಾಗುವ ಕಾಯಿಲೆ ಎಂದು ಬರೆದಿದ್ದ ಅವಳ ಚೀಟಿಯನ್ನು ಡಿಪೋದಲ್ಲಿ ಓದಿ ಕಾದಿರ್ ನಕ್ಕ. "ಉಗುಳು ನೋಡಿ ಹೇಳಿದ್ರಾ?"

"ಹೂಂ. ನೀನೂ ಉಗಿ. ಐದು ಗಂಟೆ ಹಿಮದಡೀಲಿ ಹೆಣದ ಪಕ್ಕ ಕೂತು ಬಂದು, ಆಮೇಲೆ ಉಗಿ."

ಬಾಗಿಲಲ್ಲಿ ನಿಂತಿದ್ದ ಚಾಲಕರು ಯಾರೂ ನಗಲಿಲ್ಲ. ಅಷ್ಟರಲ್ಲಿ ಮಾಡಿನ ಹಿಮ ದೊಪ್ಪೆಂದಿತು. ತೊಕ್ತೊಸುನ್ ಮೇಜಿನ ಅಂಚು ಗಟ್ಟಿಯಾಗಿ ಹಿಡಿದ, ಆದರೆ ಅದರಡಿಗೆ ಹೋಗಲಿಲ್ಲ. ಜೇಬಿನ ಕಾಗದ ತೆಗೆದು ಕೆಳಗೆ ಬರೆದ: "ನನಗೆ ಆ ಇಚ್ಛೆ ಇಲ್ಲ. ವಾಸಿಯಾಗುವ ತನಕ ಯಂತ್ರ ರಿಪೇರಿ ಮಾಡುತ್ತೇನೆ. ಆಮೇಲೆ ಗುಡ್ಡಕ್ಕೆ ನಾನೇ ಹೋಗುತ್ತೇನೆ."

ಸಹಿ ಹಾಕಿ ಕಾದಿರನ ಮುಂದಿಟ್ಟು, ಗೋಡೆಯ ಮೊಳೆಗೆ ತೂಗಿದ್ದ ಜುಮಾಶನ ಪಾನಾ ಎತ್ತಿಕೊಂಡು ರಿಪೇರಿ ಷೆಡ್ಡಿನ ಕಡೆ ನಡೆದ.